ಟ್ಯೂಬಾ ಊದುವವರಿಗೆ ಪಾಠ

ಮರಾಠಿ ನಾಡಿನ ವಾಡಿಯ ಸೈಬರ್ ಕೆಫೆಯಲ್ಲಿ ಸರದಿ ಕಾಯುತ್ತಿದ್ದ ವಾಸಂತಿ, ಕನ್ನಡ ಕಿವಿಗೆ ಬಿದ್ದದ್ದೇ ತಿರುಗಿ ನೋಡಿದಳು. ಬ್ಯಾಂಡಿನ ಸಮವಸ್ತ್ರ ತೊಟ್ಟ ಹಿರಿಯರೊಬ್ಬರು ಕಂಪ್ಯೂಟರಿನಲ್ಲಿ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ಕಹಳೆಯ ಚಿತ್ರ ನೋಡುತ್ತಿದ್ದ ತರುಣನನ್ನು ಕೇಳುತ್ತಿದ್ದರು.

“ಇನ್ನೂ ಆ ಟ್ಯೂಬಾ ಸೈಟೇ ಓದಾಕತ್ತೀಯೇನೋ ನಂದೀಶಾ?”

“ಹೌದ್ರೀ ಕಾಕಾ. ಊದೋರು ದಮ್ಮು ಹೆಂಗ ಹಿಡೀಬೇಕು, ಎಲ್ಲಾ ಬರೋಬರ್ ಬರದಾರ.”

“ಬ್ಯಾಂಡ್ ಮಾಸ್ತರ್ ನಿನ್ನನ್ನ ನಮ್ಮ ಬ್ಯಾಂಡಿನಿಂದ ತಗದಾರ. ಇನ್ಯಾಕ ಇದು?”

“ಎಲ್ಲಾರ ಮುಂದ ದಮ್ಮಿಲ್ಲದಾಂವ ಅಂದು, ನನ್ನ ಟ್ಯೂಬಾ ತಮ್ಮ ಮಗನಿಗೆ ಕೊಟ್ರು. ಈಗ ನಾ ಕನ್ಹಾನ್ ಊರಿನ ಬ್ಯಾಂಡಿನಾಂವ. ಬರೋ ಬ್ಯಾಂಡ್ ಸ್ಪರ್ಧಾದಾಗ ಆ ಮಗನ್ನ ಸೋಲಸ್ತೀನಿ. ಮಾಸ್ತರ್ ಕಣ್ಣಾರೆ ನೋಡ್ಬೇಕು.”

“ಮಾಸ್ತರ್ ಮಗನೂ ಇಂಥಾದ್ದ ಹುಡುಕಾಕತ್ತಿದ್ದ. ಅವಗ ಈ ಸೈಟ್ ನಾನ ಹೇಳೀನಿ.”

ನಂದೀಶ ಆ ಪಾಠದ ಪ್ರಿಂಟು ಮಡಚಿಕೊಂಡು ಎದ್ದ.

“ಚಲೋ ಆತು. ಕಲತ ಬರ್ಲಿ. ಕಲತಾಂವ ಸೋತರ ಮಾಸ್ತರಿಗೆ ಇನ್ನೂ ಜಾಸ್ತಿ ಉರೀತೈತಿ.”

ವಾಸಂತಿ ದಾರಿ ಬಿಟ್ಟಳು. ಇಬ್ಬರೂ ಮೆಟ್ಟಿಲಿಳಿದು ಹೋದರು.