ಕಿಸೆಯ ಟಿಚ್ ಬಟನ್ ಬಗ್ಗೆ ಹರಿಣಾಕ್ಷಿಯ ಹೇಳಿಕೆ

ಹೆಸರು: ಹರಿಣಾಕ್ಷಿ, ತಂದೆ ದಿ. ಸೇಸಪ್ಪ ಮೂಲ್ಯ. ವಯಸ್ಸು: 22. ಕೆಲಸ: ಹೆಂಗಸರ ಬಟ್ಟೆ ಹೊಲಿಯುವುದು. ವಿದ್ಯೆ: ಐದನೇ ಕ್ಲಾಸು. ಸ್ವಂತ ಊರು: ಕಾರ್ಕಳ ತಾಲೂಕು, ಬಜಗೋಳಿ. ಈಗಿನ ವಾಸ: ರುಸ್ತಾಕ್ ಪೇಟೆ, ಟೈಲರ್ ಅಂಗಡಿಯ ಹಿಂದಿನ ಕೋಣೆ.

ನನಗೆ ಅರಬ್ಬಿ ಬರುವುದಿಲ್ಲ. ಪೊಲೀಸ್ ಸಾಹೇಬರ ಎದುರು ಕುಳಿತರೆ ಮಾತೂ ಬರುವುದಿಲ್ಲ. ಕನ್ನಡದಲ್ಲಿ ಬರೆದುಕೊಟ್ಟರೆ ದುಭಾಷಿ ಮೊಯ್ದೀನ್ ಅವರು ಓದಿ ಹೇಳುತ್ತಾರೆಂದು ಒಪ್ಪಿದ ಕಾರಣ, ನನ್ನ ಕೈಯಿಂದಲೇ ಬರೆದು ಈ ಮೂಲಕ ಠಾಣೆಗೆ ತಿಳಿಸುವುದೇನೆಂದರೆ:

ಈ ತಿಂಗಳ 10ರಂದು ಠಾಣೆಯಲ್ಲಿ, ನನಗೆ ಏನೂ ಗೊತ್ತಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಲಿಲ್ಲಿ ಬಾಯಿಗೆ ಪಿಸ್ತೂಲು ಆರಿಸಿದವಳು ನಾನು. ಅದನ್ನು ಇಡಲು ಕಿಸೆ ಹೊಲಿದವಳೂ ನಾನೇ.

ಲಿಲ್ಲಿ ಬಾಯಿ ನನ್ನ ಕೋಣೆಯಲ್ಲಿ ಇರುವವರು. ವಯಸ್ಸು 27, ಊರು ಶಿರ್ವ. ಹಲ್ಲಿನ ಕ್ಲಿನಿಕ್ಕಿನಲ್ಲಿ ನೆಲ ಒರೆಸುವ, ಚಾ ಮಾಡುವ ಕೆಲಸ. ಘಾಲಾ ಎಂಬ ಊರಿನ ಗ್ಯಾರೇಜೊಂದರ ಡ್ರೈವರ್ ಸ್ಟ್ಯಾನಿ ಎಂಬವನ ಜೊತೆ ಅವರ ಮದುವೆ ನಿಶ್ಚಯವಾಗಿತ್ತು. ಅವನಿಗೆ ಊರಿನಲ್ಲಿ ಹೆಂಡತಿ ಇದ್ದಾಳೆಂದು ತಿಳಿದ ಮೇಲೆ ಲಿಲ್ಲಿ ಬಾಯಿ ಉಂಗುರ ವಾಪಸು ಕೊಟ್ಟರು. ಅವನು ಪ್ರತಿ ಶನಿವಾರ ಪಿಕಪ್ಪಿನಲ್ಲಿ ಸಾಮಾನು ತೆಗೆದುಕೊಂಡು ರುಸ್ತಾಕಿಗೆ ಬರುತ್ತಾನೆ. ಅಕ್ಟೋಬರ್ 12ರಂದು ಸಿಗರೇಟಿನಿಂದ ಅವರ ಬಲಗೈ ಮಣಿಕಟ್ಟು ಸುಟ್ಟನು. 19ರಂದು ಕುತ್ತಿಗೆಗೆ ಸ್ಕ್ರೂಡ್ರೈವರ್ ಇಟ್ಟು, ಊರಿಗೆ ಹೋಗುವುದಾದರೆ ಹೆಣದ ಪೆಟ್ಟಿಗೆಯಲ್ಲೇ ಹೋಗ್ತೀ ಎಂದನು. ಕ್ಲಿನಿಕ್ಕಿನ ಮ್ಯಾನೇಜರರಿಗೆ ಹೇಳಿದ್ದಕ್ಕೆ, ಇದು ನಿಮ್ಮೊಳಗಿನ ವಿಷಯ, ಪೊಲೀಸರು ಬಂದರೆ ವೀಸಾ ಖಲಾಸ್ ಎಂದರು. ಆದ್ದರಿಂದ ನಾವು ಠಾಣೆಗೆ ಬರಲಿಲ್ಲ.

ನಾನು ಬಟ್ಟೆ ಹೊಲಿದುಕೊಡುವ ವಯಸ್ಸಾದ ತಾಯಿಯೊಬ್ಬರು ಇದ್ದಾರೆ. ಅಳತೆ ತೆಗೆಯುವಾಗ ನಾನು ಅತ್ತದ್ದನ್ನು ನೋಡಿ ಕಾರಣ ಕೇಳಿದರು, ನಾನು ಎಲ್ಲ ಹೇಳಿದೆ. ಅವರ ಹೆಸರು ಬರೆಯುವುದಿಲ್ಲ. ಅದಕ್ಕೆ ಬೇರೆ ಶಿಕ್ಷೆ ಇದ್ದರೆ ನನಗೆ ಕೊಡಿ.

ನವೆಂಬರ್ 1, ಶುಕ್ರವಾರ ಸಂಜೆ 4 ಗಂಟೆಗೆ ನಾವಿಬ್ಬರೂ ಅವರ ಮನೆಗೆ ಹೋದೆವು. ಖಾವಾ ಕಾಫಿ ಕೊಟ್ಟರು. ನಂತರ ತೀರಿಹೋದ ಗಂಡನ ಪೆಟ್ಟಿಗೆಯಿಂದ ಮೂರು ಪಿಸ್ತೂಲು ತೆಗೆದು ಚಾಪೆಯ ಮೇಲೆ ಇಟ್ಟರು. ಮೊದಲನೆಯದು ನನ್ನ ದೊಡ್ಡ ಕತ್ತರಿಗಿಂತ ಭಾರ. ಕಿಸೆಗೆ ಹಾಕಿದಾಗ ಲಿಲ್ಲಿ ಬಾಯಿಯ ಕುರ್ತಾದ ಒಂದು ಬದಿ ಮೊಣಕಾಲಿಗೆ ಜಗ್ಗಿತು. ಆ ತಾಯಿ ಅರ್ಧ ಹಿಂದಿಯಲ್ಲಿ, ಇದು ನನ್ನ ಗಂಡನ ಹಾಗೆಯೇ, ಭಾರ ಜಾಸ್ತಿ, ಉಪಯೋಗ ಕಡಿಮೆ ಎಂದರು. ಲಿಲ್ಲಿ ಬಾಯಿ ನಕ್ಕರು. ಮೂರು ವಾರದಲ್ಲಿ ನಾನು ಅವರ ನಗು ನೋಡಿದ್ದು ಅದೊಂದೇ ಸಲ.

ಎರಡನೆಯದು ಚಪ್ಪಟೆ. ಕಿಸೆಯಲ್ಲಿಟ್ಟರೆ ಹೊರಗೆ ಕಾಣುವುದಿಲ್ಲ. ಲಿಲ್ಲಿ ಬಾಯಿಗೆ ಅದೇ ಇಷ್ಟವಾಯಿತು. ಆದರೆ ಅದರ ಮೇಲ್ಭಾಗವನ್ನು ಹಿಂದಕ್ಕೆ ಎಳೆಯಬೇಕು. ಸುಟ್ಟ ಮಣಿಕಟ್ಟಿನಿಂದ ಐದು ಸಲದಲ್ಲಿ ಒಂದು ಸಲ ಮಾತ್ರ ಆಯಿತು. ಮೂರನೆಯದು ಗಿಡ್ಡ, ಐದು ಗುಂಡಿನದು. ಅದರಲ್ಲಿ ಎಳೆಯಲು ಏನೂ ಇಲ್ಲ. ಗುಂಡು ಹಾರಿಸಲು ಬೆರಳಿನಿಂದ ಒತ್ತುವ ಕುದುರೆ ಬಿಗಿ ಇದ್ದರೂ ಅವರಿಗೆ ಒತ್ತಲು ಆಗುತ್ತಿತ್ತು. ಆ ತಾಯಿ ಲಿಲ್ಲಿ ಬಾಯಿಯನ್ನು ಅಂಗಳದಲ್ಲಿ ಮೂರು ಸುತ್ತು ಓಡಿಸಿ, ಏದುಸಿರು ಬರುವಾಗ ಎರಡನೆಯದನ್ನೂ ಮೂರನೆಯದನ್ನೂ ಕೈಗೆ ಕೊಟ್ಟರು. ನಡುಗುವ ಕೈಗೆ ಯಾವುದು ಬಗ್ಗುತ್ತದೋ ಅದನ್ನು ತೆಗೆದುಕೋ ಎಂದರು. ಲಿಲ್ಲಿ ಬಾಯಿ ನನ್ನ ಮುಖ ನೋಡಿ, "ಹರಿಣೀ, ಅಂಗಿಯ ಸಂಗತಿ ನಿಂಗೆ ಗೊತ್ತುಂಟಲ್ಲ, ನೀನೇ ಹೇಳು ಮಾರಾಯ್ತಿ" ಎಂದರು. ನಾನು ಮೂರನೆಯದು ಎಂದೆ.

ಆ ಕಿಸೆಯಲ್ಲಿ ಕೀಲಿಕೈ, ಕರವಸ್ತ್ರ ಏನೂ ಇರಬಾರದು, ಕುದುರೆಗೆ ಬಟ್ಟೆ ತಾಗಬಾರದು ಎಂದು ಆ ತಾಯಿ ಹೇಳಿದರು. ಅದರಂತೆ ಕ್ಲಿನಿಕ್ಕಿನ ನೀಲಿ ಕುರ್ತಾದ ಬಲಬದಿಗೆ, ಕಾಲರಿಗೆ ಹಾಕುವ ಗಟ್ಟಿ ಬಕ್ರಂ ಬಟ್ಟೆ ಕೊಟ್ಟು, ಏಳು ಇಂಚು ಆಳದ ಕಿಸೆ ಹೊಲಿದೆ. ಕಿಸೆಯ ಬಾಯಿ ತೆರೆದೇ ಇತ್ತು. 3ನೇ ತಾರೀಕಿನಿಂದ ಪ್ರತಿದಿನ ಗುಂಡು ತೆಗೆದಿಟ್ಟು ಮೂವತ್ತು ಸಲ ಅಭ್ಯಾಸ ಮಾಡಿದೆವು. ಮೊದಲ ದಿನ ಹೊರತೆಗೆಯಲು ನಾಲ್ಕು ಎಣಿಸಬೇಕಾಗುತ್ತಿತ್ತು. 8ರಂದು ಎರಡು ಎಣಿಸುವುದರೊಳಗೆ ಕೈಯಲ್ಲಿ ಇರುತ್ತಿತ್ತು.

9ನೇ ತಾರೀಕು, ಶನಿವಾರ ಬೆಳಿಗ್ಗೆ 6.30ಕ್ಕೆ ಲಿಲ್ಲಿ ಬಾಯಿ ಚಪ್ಪಲಿ ಹಾಕಲು ಬಗ್ಗಿದಾಗ ಪಿಸ್ತೂಲು ನೆಲಕ್ಕೆ ಬಿತ್ತು. ಗುಂಡು ಹಾರಲಿಲ್ಲ. ಇಬ್ಬರೂ ಹೆದರಿದೆವು. ದಿನವಿಡೀ ಬಗ್ಗಿ ನೆಲ ಒರೆಸುವ ಕೆಲಸ ಅವರದು. ನನಗೆ ಹೊಲಿಗೆ ಕಲಿಸಿದ ಪೂವಪ್ಪ ಮಾಸ್ಟರು, ಬಟನ್ ಇಲ್ಲದ ಕಿಸೆಯನ್ನು ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದರು. ಆ ಅಭ್ಯಾಸದಿಂದ ನಾನು ಕಿಸೆಯ ಬಾಯಿಗೆ, ಒತ್ತಿದರೆ ಕೂಡಿಕೊಳ್ಳುವ, ಎಳೆದರೆ ಬಿಡುವ ದೊಡ್ಡ ಟಿಚ್ ಬಟನ್ ಹಾಕಿದೆ. ಹೊಸ ಬಟನ್, ಬಿಗಿ ಇತ್ತು. ಲಿಲ್ಲಿ ಬಾಯಿಗೆ ತಡವಾಗಿತ್ತು. ಸಂಜೆ ಬಂದು ಅಭ್ಯಾಸ ಮಾಡುವ ಎಂದು ಹೇಳಿ 6.50ಕ್ಕೆ ಹೋದರು.

ಸಂಜೆ 5.20ಕ್ಕೆ ನಾನು ಅಂಗಡಿ ಬಾಗಿಲಲ್ಲಿ ನಿಂತಿದ್ದೆ. ಲಿಲ್ಲಿ ಬಾಯಿ ಕ್ಲಿನಿಕ್ಕಿನಿಂದ ಬರುತ್ತಿದ್ದರು. ಅರವತ್ತು ಅಡಿ ದೂರದಲ್ಲಿ ಪಿಕಪ್ ನಿಂತಿತು. ಸ್ಟ್ಯಾನಿ ಇಳಿದನು. ಅವನ ಕೈಯಲ್ಲಿ ಹಳದಿ ಹಿಡಿಯ ಸ್ಕ್ರೂಡ್ರೈವರ್ ಇತ್ತು. ಅವರ ಬಲಗೈ ಕಿಸೆಗೆ ಹೋಯಿತು. ತೆರೆಯಲಿಲ್ಲ. ಎರಡನೇ ಸಲ ಹೋಯಿತು. ಮೂರನೇ ಸಲ ಹೋದಾಗ ತಲೆ ತಗ್ಗಿಸಿ ಬಟನ್ ನೋಡಿದರು. ಆಗ ಅವನು ಹೊಟ್ಟೆಗೆ ಎರಡು ಸಲ, ಎದೆಗೆ ಒಂದು ಸಲ ಚುಚ್ಚಿದನು. ನನ್ನ ಕೈಯಲ್ಲಿ ಕತ್ತರಿ ಇತ್ತು. ಆದರೂ ನಾನು ಬಾಗಿಲಲ್ಲೇ ನಿಂತೆ.

ಲಿಲ್ಲಿ ಬಾಯಿಯ ಕೂಗು ಕೇಳಿ ಪಕ್ಕದ ಚಾ-ತಿಂಡಿಯ ಕಫ್ತೇರಿಯಾದ ಮಮ್ಮದ್ ಓಡಿಬಂದು ಅವನನ್ನು ಹಿಡಿದರು. ಅದಕ್ಕೆ ಮುಂಚೆ ನಡೆದದ್ದನ್ನು ನೋಡಿದವಳು ನಾನೊಬ್ಬಳೇ. ಎಲ್ಲರೂ ಸ್ಟ್ಯಾನಿಯ ಸುತ್ತ ಇದ್ದಾಗ ನಾನು ಲಿಲ್ಲಿ ಬಾಯಿಯ ಹತ್ತಿರ ಕುಳಿತೆ. ಪಿಸ್ತೂಲು ಸಿಕ್ಕರೆ ಅವರನ್ನು ಜೈಲಿಗೆ ಹಾಕುತ್ತಾರೆ ಎಂದು ಹೆದರಿದೆ. ಅವರ ಬೆರಳುಗಳು ಕಿಸೆಯ ಬಾಯಿಯನ್ನು ಹಿಡಿದುಕೊಂಡಿದ್ದವು, ಬಿಡಿಸಲು ಆಗಲಿಲ್ಲ. ಕಿಸೆಯ ತಳದ ಹೊಲಿಗೆಯನ್ನು ಕತ್ತರಿಯಿಂದ ಬಿಚ್ಚಿ ಪಿಸ್ತೂಲು ತೆಗೆದೆ. ದುಪಟ್ಟಾದಲ್ಲಿ ಸುತ್ತಿ ತಂದು ಅಂಗಡಿಯ ಚಿಂದಿ ಚೀಲದಲ್ಲಿ ಹಾಕಿದೆ. 11ರಂದು ಸಾಹೇಬರಿಗೆ ಅಲ್ಲಿ ಸಿಕ್ಕಿದ್ದು ಅದೇ.

ಲಿಲ್ಲಿ ಬಾಯಿ ಮೊದಲು ಪಿಸ್ತೂಲು ಗುರಿಯಿಟ್ಟಳು, ಜೀವ ಉಳಿಸಿಕೊಳ್ಳಲು ಚುಚ್ಚಿದೆ ಎಂದು ಸ್ಟ್ಯಾನಿ ಹೇಳಿದ್ದಾನೆಂದು ಮೊಯ್ದೀನ್ ಅವರಿಂದ ಇಂದು ತಿಳಿಯಿತು. ಲಿಲ್ಲಿ ಬಾಯಿಗೆ ನಾಲ್ಕು ದಿನದಿಂದ ಪ್ರಜ್ಞೆ ಇಲ್ಲ. ಅವರ ಮಂಚದ ಹತ್ತಿರ ಪೊಲೀಸ್ ಕಾವಲು ಇದೆ. ಅವರ ಪರವಾಗಿ ಹೇಳಲು ಬೇರೆ ಯಾರೂ ಇಲ್ಲ.

ಆ ನೀಲಿ ಕುರ್ತಾ ನಿಮ್ಮ ಹತ್ತಿರ ಇದೆ. ದಯವಿಟ್ಟು ಕಿಸೆ ನೋಡಿ. ತಳದ ಹೊಲಿಗೆ ಬಿಚ್ಚಿದೆ, ಅದು ನನ್ನ ಕೆಲಸ. ಮೇಲಿನ ಬಟನ್ ಮುಚ್ಚಿಯೇ ಇದೆ. ಮುಚ್ಚಿದ ಕಿಸೆಯಿಂದ ಪಿಸ್ತೂಲು ತೆಗೆದು ಯಾರಿಗೂ ಗುರಿ ಇಡಲು ಆಗುವುದಿಲ್ಲ. ಮೊದಲು ಅದರ ಫೋಟೋ ತೆಗೆಸಿ. ಆಮೇಲೆ ಸಾಹೇಬರೇ ಒಂದು ಕೈಯಲ್ಲಿ, ನೋಡದೆ, ಅದನ್ನು ತೆರೆಯಲಿ. ಎಷ್ಟು ಹೊತ್ತು ಬೇಕೆಂದು ಎಣಿಸಲಿ.

ಇದನ್ನು ಯಾರೂ ಹೇಳಿ ಬರೆಸಲಿಲ್ಲ. ಮೊಯ್ದೀನ್ ಅವರು ಎರಡು ಸಲ ಓದಿ ಹೇಳಿದರು, ನಾನು ಬರೆದದ್ದೇ ಇದೆ, ಎಲ್ಲವೂ ಸತ್ಯ.

ಸ್ಥಳ: ರುಸ್ತಾಕ್
ತಾರೀಕು: 13-11-1991, ಬುಧವಾರ, ಬೆಳಿಗ್ಗೆ 11.40
ರುಜು: ಹರಿಣಾಕ್ಷಿ