ಬಿಲ್ಲೆ ತೊಳೆದ ನೀರು

ಲಿಫ್ಟಿಗೆ ಕಾಯುತ್ತಿದ್ದೆ. ಮುಂದೆ ಬಿಳಿ ಕೋಟಿನ ಇಬ್ಬರು ಹೆಂಗಸರು. ಕಿರಿಯವಳ ಕೈಯಲ್ಲಿ ಗಾಜಿನಂಥ ಬಿಲ್ಲೆಗಳ ಡಬ್ಬಿ.

"ಶಾಲೆ ನಲ್ಲಿ ನೀರಿಗೆ ಹಾಕಿದ್ಮೇಲೆ ಬಿಲ್ಲೆ ಹೊಳಪು ಇಳಿದಿದೆ ಅಕ್ಕಾ. ನೀರಲ್ಲಿ ಸೀಸ ಇದೆ, ನಲ್ಲಿ ಮುಚ್ಚಿಸಿ ಅಂತ ಸರ್‌ಗೆ ಹೇಳ್ಬಿಟ್ಟೆ."

"ಬಿಲ್ಲೆ ಮಾಡುವಾಗ ಟೈಟಾನಿಯಾ ಜೆಲ್ ನಿಧಾನಕ್ಕೆ ಒಣಗಿಸಿದ್ಯಾ?"

"ಅರ್ಜೆಂಟಿತ್ತಲ್ಲ, ನೇರ ಓವನ್‌ಗೇ ಇಟ್ಟೆ."

"ಅಯ್ಯೋ ಮಹಾತಾಯಿ! ಬಿರುಕು ಬಿಟ್ರೆ ಒಳಗಿರೋ ಹೊಳೆಯೋ ಬಣ್ಣ ಸೋರಿಹೋಗಲ್ವಾ? ಸೀಸ ಇಲ್ದಿದ್ರೂ ಹೊಳಪು ಇಳಿಯುತ್ತೆ. ಬಿಲ್ಲೆ ತೊಳೆದ ನೀರನ್ನ ಲ್ಯಾಂಪ್ ಕೆಳಗೆ ನೋಡಿದ್ಯಾ?"

"ನೋಡಿದೆ. ಹಸಿರಾಗಿ ಹೊಳೀತಿತ್ತು."

"ಆಮೇಲೆ?"

"ಎಷ್ಟು ಚೆನ್ನಾಗಿದೆ ಅಂತ ಫೋಟೋ ತೆಗೆದೆ."

ಲಿಫ್ಟ್ ಬಂತು.

"ಯಾರಿಗಾದ್ರೂ ಕಳಿಸಿದ್ಯಾ?"

"ಸರ್‌ಗೆ. ಅವರು ಸೀಸಕ್ಕೆ ಸಾಕ್ಷಿ ಅಂತ ಪೇಪರಿನವರಿಗೂ ಅದನ್ನೇ ಕೊಟ್ಟಿದ್ದಾರೆ."

ಇಬ್ಬರೂ ಒಳಗೆ ಹೋದರು, ಹಿಂದೆಯೇ ನಾನೂ. ಬಾಗಿಲು ಮುಚ್ಚುವವರೆಗೂ ಯಾರ ಕೈಯೂ ಗುಂಡಿಯತ್ತ ಹೋಗಲಿಲ್ಲ.