ಓಡಿ ಹೋದ ಚುಕ್ಕಿ

…ಹಂಗಲ್ಲಲೇ, ಬಾಗಲಾ ಹಾಕಿದ್ದು ಧೂಳಿಗೆ. ಆಗ ಜಮಖಂಡಿ ಕಾಲೇಜಿನ್ಯಾಗ ಇದ್ದದ್ದ ಒಂದ ಕಂಪ್ಯೂಟರ್, ಧೂಳ ಹೊಕ್ರ ಕೆಡತೈತಿ ಅಂತ ಬಾಗಲಾ ಯಾವಾಗ್ಲೂ ಹಾಕಿರ್ತಿತ್ತು. ನಾ ಅಲ್ಲೇ ಗಣಿತ ಹೇಳ್ತಿದ್ನಿ, ಹೊಸಾ ನೌಕರಿ, ಮ್ಯಾಲ ಪಿಎಚ್‌ಡಿ ಬ್ಯಾರೆ ಹಿಡದಿದ್ನಿ. ಜೋಡಿ ಚುಕ್ಕಿ ಇರ್ತಾವ ನೋಡ್ರಿ, ಒಂದರ ಸುತ್ತ ಒಂದು ತಿರಗತಾವು, ಅವುರ ದಾರಿ ಲೆಕ್ಕಾ ಹಾಕೂದು. ರವಿವಾರ ಕಂಪ್ಯೂಟರ್ ಖಾಲಿ, ಅದಕ್ಕ ಮುಧೋಳದಿಂದ ಬಸ್ ಹತ್ತಿ ಹೋಗ್ತಿದ್ನಿ. ಕೀಲಿ ಕಂಪ್ಯೂಟರ್ ನೋಡ್ಕೊಳ್ಳೂ ಪಾಟೀಲ ಸರ್ ಕಡೆ, ಹಿಂಗಾಗಿ ಅವರೂ ಅಲ್ಲೇ ಕುಂದರ್ತಿದ್ರು. ಮಾತು ಹುಟ್ಟಿದ್ದ ಅಲ್ಲಿಂದ! ಓಣ್ಯಾಗಿನ ಗಂಗವ್ವ ನಮ್ಮ ಅತ್ತಿಯಾರ ಕಿವಿ ತುಂಬಿದ್ಲು. "ಸೂಟಿ ದಿನ ಗಂಡಸಿನ ಜೋಡಿ ಬಾಗಲಾ ಹಾಕ್ಕೊಂಡು ಕುಂದರ್ತಾಳಂತಲ್ರಿ ನಿಮ್ಮ ಸೊಸಿ? ಹಾಡಹಗಲ ಚುಕ್ಕಿ ನೋಡಾಕ ಯಾರರ ಹೋಗ್ತಾರೇನ್ರಿ?" ಸಮೀರವಾಡಿ ಸಕ್ರಿ ಫ್ಯಾಕ್ಟರಿಯಾಗ ದುಡೀತಿದ್ದ ನಿಮ್ಮಜ್ಜನೂ ಅದನ್ನ ಕೇಳಿ ನನ್ನ ಜೋಡಿ ಮಾತು ಕಡಿಮಿ ಮಾಡಿದ. ಅತ್ತ ಧಾರವಾಡದ ನಮ್ಮ ಗೈಡ್‌ಗೆ ಬ್ಯಾರೆ ಸಂಶೆ: "ಒಂದೊಂದು ಸಲ ಒಂದೊಂದು ಉತ್ತರ ತರ್ತೀರಿ. ಅಂಕಿ ನೀವ ಹುಟ್ಟಸ್ತೀರೇನು?"

ಅತ್ತಿಯಾರು ಅಂದ್ರು, "ಈ ರವಿವಾರ ನಾನೂ ಬರ್ತೀನಿ. ಚುಕ್ಕಿ ಕಾಣಲಿಲ್ಲಂದ್ರ ನೌಕರಿ ಬಿಟ್ಟು ಮನ್ಯಾಗಿರು."

ಬಂದ್ರು. ನನ್ನ, ಪಾಟೀಲ ಸರ್ ನಡುವ ಖುರ್ಚಿ ಎಳಕೊಂಡು ಕುಂತ್ರು. ಪರದೆ ಮ್ಯಾಲ ಎರಡು ಚುಕ್ಕಿ. ಸಣ್ಣದು ಮೆಲ್ಲಕ ಸುತ್ತ ಹೊಡೀತು, ದೊಡ್ಡದರ ಹತ್ರ ಬಂತು, ಸರ್ರಂತ ಹೊರಗ ಹಾರಿ ಮಾಯ!

"ಓಡಿ ಹೋತಲ್ಲ," ಅಂದ್ರು, ನನ್ನ ಮಾರಿನ ನೋಡಿ.

"ಖರೇ ಅದು ಓಡಿ ಹೋಗೂದಿಲ್ರಿ ಅತ್ತಿ, ನನ್ನ ಲೆಕ್ಕಾ ಎಲ್ಲೋ ತಪ್ಪೈತಿ. ಇಷ್ಟಿಷ್ಟು ಹೊತ್ತಿಗೊಮ್ಮೆ ಚುಕ್ಕಿ ಎಲ್ಲೈತಿ ಅಂತ ಲೆಕ್ಕಾ ಹಾಕ್ತೀವಿ, ಅದಕ್ಕ ಹೆಜ್ಜಿ ಅಂತೀವಿ, ನಡುವ ಬರೇ ಅಂದಾಜು. ದೂರ ಇದ್ದಾಗ ಅದು ನಿಧಾನ, ಹತ್ರ ಬಂದಾಗ ಭಾಳ ಜೋರ…" ಅನ್ನೂದ್ರಾಗ ತಪ್ಪು ನನಗ ಹೊಳೀತು. ಜೋರ ಓಡೂವಾಗೂ ನಾ ಅಷ್ಟ ದೊಡ್ಡ ಹೆಜ್ಜಿ ಹಾಕಸಾಕತ್ತಿದ್ನೆಲ್ಲ! ಅದಕ್ಕ ತಿರುವಿನ್ಯಾಗ ಅದು ಹೊಳ್ಳದ ನೆಟ್ಟಗ ಹೊಂಟಿತ್ತು. ಹೆಜ್ಜಿ ಬದಲಿಸಿದಾಗೊಮ್ಮೆ ಗೈಡ್‌ಗೆ ಬ್ಯಾರೆ ಉತ್ತರ ಹೋಗಿದ್ದೂ ಇದಕ್ಕ. ಹತ್ರ ಬಂದಂಗ ಹೆಜ್ಜಿ ಸಣ್ಣ ಆಗೂ ಹಂಗ ಪ್ರೋಗ್ರಾಂ ತಿದ್ದಿದ್ನಿ. ಸಂಜೀಮಟ ಕಾಯ್ದಿವಿ. ಚುಕ್ಕಿ ತಿರುವಿನ್ಯಾಗ ಹೊಳ್ಳಿ, ಹೊಂಟಲ್ಲಿಗೇ ಬಂತು.

"ಇನ್ನೊಮ್ಮೆ ತಿರಗಸು," ಅಂದ್ರು ಅತ್ತಿಯಾರು. ನಂಬಿರಲಿಲ್ಲ.

ಗೈಡೂ ತಾವ ಒಮ್ಮೆ ಲೆಕ್ಕಾ ಹಾಕಿಸಿ ನೋಡೇ ಸಹಿ ಮಾಡಿದ್ರು. ಗಂಗವ್ವಗ ಅತ್ತಿಯಾರ ಹೇಳಿದ್ರು: "ನಾ ಕಣ್ಣಾರೆ ನೋಡೀನಿ, ಬಾಯಿ ಮುಚ್ಚು." ಆದ್ರ ಮುಂದನೂ ರವಿವಾರ ನನ್ನ ಜೋಡಿ ಬರೂದು ಬಿಡಲಿಲ್ಲ, ನನ್ನ ಮ್ಯಾಲ ಸಂಶೆ ಇತ್ತೋ, ಚುಕ್ಕಿ ಮ್ಯಾಲೋ, ಯಾರಿಗೊತ್ತು. ಇರ್ಲಿ. ಸಂಶೆ ಬಂತಂದ್ರ ಹಿಂಗ ಬಂದು ಬಾಜೂಕ ಕುಂತು ನೋಡಬೇಕು, ಓಣ್ಯಾಗ ಹೇಳ್ಕೋತ ತಿರಗಬಾರದು. ಏಳ್ರಿ, ರೊಟ್ಟಿ ಆರತಾವು.